ಕುತ್ತಿಗೆ ಪಟ್ಟಿಯ ರೋಗಿ

ಇವತ್ತು ನನ್ನ ಹೆಂಡತಿಗೆ ಡಾಕ್ಟರು ಕುತ್ತಿಗೆ ಪಟ್ಟಿ ಬರೆದುಕೊಟ್ಟರು. ಮೂರು ವಾರದಿಂದ ಆಕೆ ಕುತ್ತಿಗೆ ನೋವು ಎಂದು ಹೇಳುತ್ತಲೇ ಇದ್ದಳು; ನಾನು ದಿಂಬು ಬದಲಿಸು, ಬಿಸಿನೀರಿನ ಶಾಖ ಕೊಟ್ಟುಕೋ ಎಂದು ಸಲಹೆ ಕೊಡುತ್ತಲೇ ಇದ್ದೆ. ಸಲಹೆ ಕೊಡುವುದಕ್ಕೆ ಎದ್ದು ಹೋಗಬೇಕಾಗಿಲ್ಲ ನೋಡಿ, ಕುರ್ಚಿಯಲ್ಲಿ ಕೂತೇ ಕೊಡಬಹುದು. ನಿಜ ಹೇಳಬೇಕೆಂದರೆ, ಅಷ್ಟೇನೂ ನೋವಿರಲಿಕ್ಕಿಲ್ಲ ಎಂದೇ ನನ್ನ ಅಂದಾಜು. ಕೊನೆಗೆ ಆಕೆ ಒಬ್ಬಳೇ ಆಟೋ ಹತ್ತಿ ಜಹೀರಾಬಾದಿನ ದವಾಖಾನೆಗೆ ಹೋಗಿ ಬಂದು, ಒಲೆಯ ಮೇಲೆ ಅನ್ನಕ್ಕಿಟ್ಟು, ಪೊಟ್ಟಣವನ್ನು ನನ್ನ ಮುಂದೆ ಇಟ್ಟಳು. "ಇದು ಹ್ಯಾಂಗ ಕಟ್ಟೂದು ಗೊತ್ತಾಗವಲ್ದು, ನೋಡ್ರಿ." ಒಳಗೆ ಬಿಳಿ ಸ್ಪಂಜಿನ ಪಟ್ಟಿ. ಅದರ ಅಂಟನ್ನು ಎಳೆದೆ. ಚರ್ರ್ ಎಂದಿತು.

ಆ ಸದ್ದಿಗೆ ನನ್ನ ಕೈ ಅಲ್ಲೇ ನಿಂತಿತು. ಈ ಪಟ್ಟಿ ಕಟ್ಟುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗದ್ದ ಎಲ್ಲಿ ಕೂರಬೇಕು, ಎಷ್ಟು ಬಿಗಿ ಇರಬೇಕು, ಎಲ್ಲ ಬಲ್ಲೆ. ಆದರೆ ಈ ಸದ್ದು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಕುತ್ತಿಗೆ ಗಟ್ಟಿಮುಟ್ಟಾಗಿದ್ದ ಒಬ್ಬ ಮನುಷ್ಯ. ಆ ಕಥೆಯನ್ನು ಹೆಂಡತಿಗೂ ಹೇಳಿರಲಿಲ್ಲ. ನಿಮಗೆ ಹೇಳುವುದು ಸುಲಭ. ನೀವು ನನ್ನ ಜತೆ ಒಂದೇ ಮನೆಯಲ್ಲಿ ಬಾಳಬೇಕಾದವರಲ್ಲ.

ತೆಲಂಗಾಣ ಚಳವಳಿ ಜೋರಾಗಿದ್ದ ವರ್ಷಗಳಲ್ಲಿ ನಾನು ಜಹೀರಾಬಾದಿನಲ್ಲಿ ಖಾಸಗಿ ಆಂಬುಲೆನ್ಸ್ ಓಡಿಸುತ್ತಿದ್ದೆ. ನಮ್ಮ ಮಾಲಕರಿಗೆ ಮೂರು ಗಾಡಿ: ಒಂದು ನಮ್ಮಲ್ಲಿ, ಒಂದು ನಾರಾಯಣಖೇಡದಲ್ಲಿ, ಒಂದು ತಾಂಡೂರಿನಲ್ಲಿ. ಮೂರು ಊರಿಗೂ ಒಂದೇ ಕಾಯಿದೆ. ತಿಂಗಳ ಸಂಬಳ ಇಲ್ಲ, ಟ್ರಿಪ್ಪಿಗೆ ಇಷ್ಟು. ಅದೂ ರೋಗಿ ಒಳಗಿದ್ದರೆ ಮಾತ್ರ. ಹೈದರಾಬಾದಿನಲ್ಲಿ ರೋಗಿಯನ್ನು ಇಳಿಸಿ ಖಾಲಿ ಬರುವ ದಾರಿ ಲೆಕ್ಕಕ್ಕಿಲ್ಲ. ಅದೇ ರಸ್ತೆ, ಅಷ್ಟೇ ದೂರ, ಅದೇ ಸ್ಟೇರಿಂಗು, ಆದರೆ ವಾಪಸ್ ಬರುವಾಗ ನಾನು ಡ್ರೈವರನೇ ಅಲ್ಲ! ಫೋನು ಬರದ ದಿನ ಗಾಡಿ ಬಿಟ್ಟು ಕದಲುವಂತಿಲ್ಲ. ಹಾಗೆ ಕಾದು ಕೂತದ್ದಕ್ಕೂ ಏನೂ ಇಲ್ಲ. ಹೀಗಾಗಿ ನಾನು ಯಾರಾದರೂ ಕಾಯಿಲೆ ಬೀಳುವುದನ್ನೇ ಕಾಯುವ ಮನುಷ್ಯನಾದೆ. ದೇವರ ಮುಂದೆ ನಿಂತು ಹಾಗೆ ಬೇಡಿಕೊಳ್ಳುತ್ತಿರಲಿಲ್ಲ, ಅಷ್ಟು ಮರ್ಯಾದೆ ಇತ್ತು. ಆದರೆ ಫೋನು ಬಂದರೆ ಖುಷಿಯಾಗುತ್ತಿದ್ದದ್ದು ಸುಳ್ಳಲ್ಲ.

ಮಾಲಕರಿಗೆ ಬೇರೊಂದು ಆದಾಯವೂ ಇತ್ತು. ಹೈದರಾಬಾದಿನ ಒಂದು ಖಾಸಗಿ ಆಸ್ಪತ್ರೆಗೆ ರೋಗಿಯನ್ನು ಮುಟ್ಟಿಸಿದರೆ ಅಲ್ಲಿಂದ ಅವರಿಗೆ ದುಡ್ಡಿನ ಲಕೋಟೆ ಬರುತ್ತಿತ್ತು. ರೋಗಿಯ ಮನೆಯವರು ಬೇರೆ ಎಲ್ಲಿಗೆ ಎಂದರೂ ನಾವು "ಅಲ್ಲಿ ಬೆಡ್ ಖಾಲಿ ಇಲ್ಲರಿ" ಎನ್ನಬೇಕು. ನಾನು ಬಹಳ ಚೆನ್ನಾಗಿ ಎನ್ನುತ್ತಿದ್ದೆ.

ನಮ್ಮ ಗಾಡಿಯಲ್ಲಿ ಸಂಗಮ್ಮ ಇದ್ದಳು. ನಾರಾಯಣಖೇಡದ ಕಡೆಯವಳು, ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದು ಎಷ್ಟೋ ಹೆರಿಗೆ ಕಂಡವಳು, ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು. ಬಸುರಿಯನ್ನು ಬರೀ ಗಂಡಸರಿರುವ ಗಾಡಿಯಲ್ಲಿ ಕಳಿಸಲು ಮನೆಯವರು ಹಿಂಜರಿಯುತ್ತಾರೆಂದು ಮಾಲಕರು ಆಕೆಯನ್ನು ಇಟ್ಟುಕೊಂಡಿದ್ದರು. ಆಕೆಯ ಕಾಯಿದೆ ನನ್ನದಕ್ಕಿಂತ ವಿಚಿತ್ರ: ಒಳಗಿರುವುದು ಹೆಣ್ಣು ರೋಗಿಯಾದರೆ ದುಡ್ಡು, ಗಂಡು ರೋಗಿಯಾದರೆ ಇಲ್ಲ. ಆದರೆ ರಕ್ತ, ವಾಂತಿ ಯಾರದ್ದಾದರೂ ಫಿನಾಯಿಲ್ ಹಾಕಿ ತೊಳೆಯುವವಳು ಆಕೆಯೇ. ಕೈಗೆ ಗವಸು ಕೇಳಿದ್ದಕ್ಕೆ ಮಾಲಕರು "ಗಾಡಿ ತೊಳದ ಮ್ಯಾಲ ಕೈನೂ ತೊಳಕೋ" ಎಂದಿದ್ದರು. "ಗಂಡಸ್ರು ಕಾಲು ಮುರಕೊಂಡ್ರ ನನ್ನ ಒಲಿ ಹತ್ತಂಗಿಲ್ಲ ನೋಡು, ತಮ್ಮಾ" ಎಂದು ಆಕೆ ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಏನೋ ದೊಡ್ಡ ತಮಾಷೆ ಕೇಳಿದವನ ಹಾಗೆ.

ಆಗ ದೊಡ್ಡ ಮುಷ್ಕರ ನಡೆದಿತ್ತು. ಶಾಲೆ, ಕಚೇರಿ, ಬಸ್ಸು ಎಲ್ಲ ನಿಂತಿದ್ದವು. ಮಂದಿ ಹೆದ್ದಾರಿಯ ನಡುವೆಯೇ ಕಲ್ಲು ಹೂಡಿ, ಒಲೆ ಹಚ್ಚಿ, ಅಡುಗೆ ಮಾಡಿ ಅಲ್ಲೇ ಸಾಲಾಗಿ ಕೂತು ಉಣ್ಣುತ್ತಿದ್ದರು. ತೆಲುಗು, ಕನ್ನಡ, ಉರ್ದು ಮೂರರಲ್ಲೂ ಘೋಷಣೆ. ಲಾರಿಯಿರಲಿ ಕಾರಿರಲಿ ಮುಂದೆ ಹೋಗುವಂತಿರಲಿಲ್ಲ. ಆದರೆ ನಮ್ಮ ಸೈರನ್ ಕೇಳಿದರೆ ಸಾಕು, ಹೆಂಗಸರು ತಟ್ಟನೆ ಎದ್ದು ಕುದಿಯುವ ಅನ್ನದ ಬೋಗುಣಿಯನ್ನು ಸೆರಗಿನಲ್ಲಿ ಹಿಡಿದು ಪಕ್ಕಕ್ಕಿಡುವರು, ಗಂಡಸರು ಒಲೆಯ ಕಲ್ಲು ಸರಿಸುವರು. ಒಳಗೆ ಯಾರಿದ್ದಾರೆಂದು ಒಬ್ಬರೂ ಬಗ್ಗಿ ನೋಡುತ್ತಿರಲಿಲ್ಲ. ಗಾಡಿ ದಾಟಿದ ಮೇಲೆ ಮತ್ತೆ ಕಲ್ಲು ಹೂಡಿ ಅದೇ ಅನ್ನ ಬೇಯಿಸುವರು. ಅಂಥ ಮರ್ಯಾದೆ ನನ್ನ ಜನ್ಮದಲ್ಲಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಒಂದು ದಿನ ಹೆಂಗಸೊಬ್ಬಳನ್ನು ಹೈದರಾಬಾದಿಗೆ ಬಿಟ್ಟು ನಾನೂ ಸಂಗಮ್ಮನೂ ವಾಪಸ್ ಹೊರಡುವಾಗ ಮಾಲಕರ ಫೋನು ಬಂತು. ನಾರಾಯಣಖೇಡದ ತೊಗರಿ ವ್ಯಾಪಾರಿಯೊಬ್ಬ ಬಸ್ಸಿಲ್ಲದೆ ಹೈದರಾಬಾದಿನಲ್ಲೇ ಸಿಕ್ಕಿಹಾಕಿಕೊಂಡಿದ್ದಾನಂತೆ. "ಕುತ್ತಿಗಿಗಿ ಪಟ್ಟಿ ಕಟ್ಟು, ಮಲಗಸು, ಸಲೈನ್ ಬಾಟ್ಲಿ ಹಚ್ಚು. ಯಾರೂ ಕೇಳಂಗಿಲ್ಲ. ಈ ಸಲ ವಾಪಸ್ ಟ್ರಿಪ್ಪಿಗೂ ಕೊಡ್ತೀನಿ." ವಾಪಸ್ ಟ್ರಿಪ್ಪಿಗೂ! ಆ ಒಂದು ಮಾತಿಗೆ ನನ್ನ ಕಿವಿ ನೆಟ್ಟಗಾದವು.

ವ್ಯಾಪಾರಿ ಬಾಳೆಹಣ್ಣಿನ ಚೀಲ ಹಿಡಿದು ಬಂದ. ಮೈ ತುಂಬಿಕೊಂಡ ಆಸಾಮಿ, ಪಟ್ಟಿ ಅವನ ಕುತ್ತಿಗೆಯನ್ನು ಸುತ್ತಿ ಬರಲು ಒಲ್ಲೆ ಎಂದಿತು. ಎರಡು ಸಲ ಚರ್ರ್ ಎಂದು ಕಿತ್ತು ಮೂರನೆಯ ಸಲ ಹೇಗೋ ಅಂಟಿಸಿದೆ. ಬಾಟಲಿ ಹಿಡಿದುಕೋ ಎಂದು ಸಂಗಮ್ಮನಿಗೆ ಹೇಳಿದರೆ ಆಕೆ ಕೈ ಕಟ್ಟಿ ನಿಂತಳು.

"ನಾ ಹಿಡಿಯಂಗಿಲ್ಲ."

"ಬರೀ ಬಾಟ್ಲಿ ಅದ, ಅಕ್ಕಾ."

"ಇವತ್ತ ಸುಳ್ಳ ಬಾಟ್ಲಿ ಹಿಡದ್ರ ನಾಳಿ ಖರೇ ಬಾಟ್ಲಿ ಹಿಡದಾಗ ನನ್ನ ಯಾರು ನಂಬ್ತಾರ?"

"ಮತ್ತ ಖಾಲಿ ಹೋಗಿ ಉಪಾಸ ಬೀಳಬೇಕಾ?" ಎಂದು ರೇಗಿ, ಬಾಟಲಿಯನ್ನು ನಾನೇ ಕೊಕ್ಕೆಗೆ ತೂಗುಹಾಕಿದೆ. ಆಕೆ ಮುಂದೆ ಬಂದು ನನ್ನ ಪಕ್ಕ ಕೂತಳು.

ಜಹೀರಾಬಾದು ಹತ್ತಿರವಾದಾಗ ನಡು ಮಧ್ಯಾಹ್ನ. ರಸ್ತೆಯ ಮೇಲೆ ಅಡುಗೆ ಜೋರಾಗಿತ್ತು. ಸೈರನ್ ಹಾಕಿದೆ. ಹೆಂಗಸೊಬ್ಬಳು ಗಡಿಬಿಡಿಯಲ್ಲಿ ದೊಡ್ಡ ಬೋಗುಣಿ ಎತ್ತಿದಳು. ಸೆರಗು ಜಾರಿತು, ಕುದಿಯುವ ಗಂಜಿ ಅವಳ ಪಾದದ ಮೇಲೆ ಚೆಲ್ಲಿತು. ಆದರೂ ಬೋಗುಣಿಯನ್ನು ಪಕ್ಕಕ್ಕಿಟ್ಟೇ ಕುಸಿದಳು. ಅಲ್ಲಿ ಮುಂದಾಳಾಗಿದ್ದವರು ಮುಷ್ಕರದಲ್ಲಿದ್ದ ಒಬ್ಬ ಶಾಲಾ ಮಾಸ್ತರರು. ಓಡಿ ಬಂದು ನನ್ನ ಕಿಟಕಿಗೆ ಕೈಮುಗಿದರು. "ಈಕಿನೂ ಕೂಡಸ್ಕೊಂಡು ಹೋಗ್ರಿ. ನಿಮ್ಮ ರೋಗಿಗಿ ತ್ರಾಸ ಆಗಂಗಿಲ್ಲಲ್ಲ?" ನಾನು ಬಾಯಿ ತೆರೆಯುವಷ್ಟರಲ್ಲಿ ಇಬ್ಬರು ಹಿಂದಿನ ಬಾಗಿಲು ತೆಗೆದಿದ್ದರು.

ರೋಗಿ ಎದ್ದು ಕೂತಿದ್ದ. ಒಂದು ಕೈಯಲ್ಲಿ ಸುಲಿದ ಬಾಳೆಹಣ್ಣು, ಇನ್ನೊಂದರಲ್ಲಿ ಫೋನು. "ಇವತ್ತ ಮಾರಬ್ಯಾಡ, ನಾಳಿ ರೇಟ ಏರ್ತದ" ಎನ್ನುತ್ತಿದ್ದ.

ಯಾರೂ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಕಾಲು ಸುಟ್ಟುಕೊಂಡವಳು ಅವನನ್ನೇ ನೋಡಿದಳು. "ಇವನ ಸಲುವಾಗಿ ನಾ ಬೋಗುಣಿ ಎತ್ತಿದ್ನಾ?" ಮಾಸ್ತರರು ನನ್ನ ಕಡೆ ತಿರುಗಿ ಮೆಲ್ಲಗೆ, "ಇವತ್ತಿನಿಂದ ಯಾವ ಆಂಬುಲೆನ್ಸ್ ಬಂದ್ರೂ ಬಾಗಲಾ ತಗದು ನೋಡೇ ಬಿಡ್ತೀವ್ರಿ" ಎಂದರು. ಸಂಗಮ್ಮ ಇಳಿದು ವ್ಯಾಪಾರಿಯನ್ನು ರಟ್ಟೆ ಹಿಡಿದು ರಸ್ತೆಗೆ ಇಳಿಸಿದಳು. ಸುಟ್ಟ ಪಾದಕ್ಕೆ ತಣ್ಣೀರು ಸುರಿದಳು. ಆ ಹೆಂಗಸು ಮಾತ್ರ ನನ್ನ ಗಾಡಿ ಹತ್ತಲು ಒಪ್ಪಲಿಲ್ಲ. ಅವಳ ಕೈಯನ್ನು ಹೆಗಲ ಮೇಲೆ ಹಾಕಿಕೊಂಡು ಸಂಗಮ್ಮ ನಡೆಸಿಕೊಂಡೇ ದವಾಖಾನೆಗೆ ಹೊರಟಳು. ನಾನು ಖಾಲಿ ಗಾಡಿಯನ್ನು, ಸೈರನ್ ಇಲ್ಲದೆ, ಅವರ ಹಿಂದೆ ನಿಧಾನವಾಗಿ ಓಡಿಸಿಕೊಂಡು ಹೋದೆ.

ಮಾಸ್ತರರು ಹೇಳಿದ್ದನ್ನು ಮಾಡಿದರು. ಸುದ್ದಿ ಉಳಿದ ಕಡೆಗೂ ಮುಟ್ಟಿತು. ಎರಡು ದಿನದ ಮೇಲೆ ಝರಾಸಂಗಂ ಕಡೆಯಿಂದ ಹೆರಿಗೆ ನೋವಿನ ಹುಡುಗಿಯೊಬ್ಬಳನ್ನು ತರುತ್ತಿದ್ದೆವು. ಮೂರು ಕಡೆ ನಿಲ್ಲಿಸಿದರು, ಮೂರು ಕಡೆಯೂ ಬಾಗಿಲು ತೆಗೆದರು. ಸಂಗಮ್ಮ ಚಾದರ ಹಿಡಿದು ಅಡ್ಡ ನಿಂತರೂ ಗಂಡಸರ ಮುಖಗಳು ಇಣುಕಿದವು. "ಅಕ್ಕಾ, ಇನ್ನಾ ಎಷ್ಟು ಮಂದಿ ನೋಡ್ತಾರ?" ಎಂದು ಆ ಹುಡುಗಿ ಕೇಳಿದ್ದು ನನ್ನ ಸೀಟಿನ ತನಕ ಕೇಳಿಸಿತು. ತಾಯಿ ಮಗು ಇಬ್ಬರೂ ಉಳಿದರು. ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತೆ.

ಸಂಗಮ್ಮ ಬಂದು ನಿಂತಳು. ಬೈಯುತ್ತಾಳೆ ಎಂದುಕೊಂಡೆ.

"ನಿನಗ ಬೈದು ಏನು ಮಾಡ್ಲಿ, ತಮ್ಮಾ? ಖಾಲಿ ಬಂದ್ರ ಕೂಳಿಲ್ಲ ಅನ್ನೂ ಕಾಯಿದಾ ಇರೂತನ, ನೀ ಅಲ್ದಿದ್ರ ಮತ್ತೊಬ್ಬ ಪಟ್ಟಿ ಕಟ್ತಾನ. ಆ ಕಾಯಿದಾನೇ ಹೋಗಬೇಕು. ಎಲ್ಲಾರಿಗಿ ತಿಂಗಳ ಪಗಾರ."

"ಗಾಡಿ ನಿಂದ್ರಸೂನಂದ್ರ ರೋಗಿ ಸಾಯ್ತಾರ, ಅಕ್ಕಾ."

"ನಿಂದ್ರಸು ಅಂತ ಯಾರಂದ್ರು? ಓಡಸು. ರೋಗಿ ಮಂದಿ ಎಲ್ಲಿಗಿ ಅಂತಾರ ಅಲ್ಲಿಗಿ ಓಡಸು."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಊರಿಗೆ ಊರೇ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದಾಗ ನಾವು ಕೆಲಸವನ್ನು ಸರಿಯಾಗಿ ಮಾಡಿ ಮುಷ್ಕರ ಹೂಡಬೇಕು! ನಾರಾಯಣಖೇಡ, ತಾಂಡೂರಿನ ಡ್ರೈವರುಗಳಿಗೆ ಫೋನು ಮಾಡಿದೆ. ತಾಂಡೂರಿನ ಖಾಜಾಮಿಯಾ ನಕ್ಕುಬಿಟ್ಟ. "ಅರೇ, ಇಷ್ಟು ಸೀದಾ ಕೆಲಸ ನಮಗ ಮೊದಲ ಯಾಕ ಹೊಳೀಲಿಲ್ಲ ಭಾಯ್?" ಮರುದಿನದಿಂದ ಮೂರೂ ಗಾಡಿಗಳು ಸರಕಾರಿ ದವಾಖಾನೆ ಎಂದವರನ್ನು ಅಲ್ಲಿಗೆ, ಹತ್ತಿರದ್ದು ಎಂದವರನ್ನು ಹತ್ತಿರಕ್ಕೆ ಮುಟ್ಟಿಸಿದವು. "ಬೆಡ್ ಖಾಲಿ ಇಲ್ಲ" ಎಂಬ ಮಾತನ್ನು ನಾನು ಅಲ್ಲಿಂದ ಮುಂದೆ ಎಂದೂ ಆಡಿಲ್ಲ. ಮಾಲಕರ ಲಕೋಟೆ ನಿಂತಿತು. ಎಲ್ಲರಿಗೂ ತಿಂಗಳ ಪಗಾರ ಆಗುವ ತನಕ ಹೀಗೇ ಎಂದು ಅವರಿಗೆ ಹೇಳಿ ಕಳಿಸಿದೆವು.

ನಾಲ್ಕನೆಯ ದಿನ ಅವರೇ ಬಂದರು. ಬೈದರು, ಬೇರೆ ಡ್ರೈವರು ತರುತ್ತೇನೆಂದರು. ಆ ಗದ್ದಲದಲ್ಲಿ ಹೆದ್ದಾರಿಗೆ ಇಳಿಯುವ ಬೇರೆ ಡ್ರೈವರು ಎಲ್ಲಿ ಸಿಗಬೇಕು? ಕೊನೆಗೆ ನನ್ನನ್ನು ಬದಿಗೆ ಕರೆದು, "ನಿಮಗ ಮೂರು ಮಂದಿ ಡ್ರೈವರಿಗಿ ತಿಂಗಳ ಪಗಾರ ಕೊಡ್ತೀನಿ, ಖಾಲಿ ಬಂದ್ರೂ ಕೊಡ್ತೀನಿ. ಆ ಹೆಣ್ಮಗಳಿಗಿ ಮಾತ್ರ ಆಗಂಗಿಲ್ಲ" ಎಂದರು.

ನನ್ನ ತಲೆ ಹೂಂ ಎಂದು ಅರ್ಧ ಆಡಿತ್ತು. ಮುಚ್ಚಿಟ್ಟು ಏನು ಮಾಡಲಿ, ಆಡಿತ್ತು. ಅಷ್ಟರಲ್ಲಿ ಸಂಗಮ್ಮ ಗಾಡಿಯೊಳಗೆ ನೆಲ ಒರೆಸುತ್ತಿದ್ದುದು ಕಂಡಿತು. ಫಿನಾಯಿಲಿಗೆ ಆಕೆಯ ಬೆರಳುಗಳ ತೊಗಲು ಎದ್ದಿತ್ತು. ಅಷ್ಟು ದಿನ ಒಂದೇ ಗಾಡಿಯಲ್ಲಿ ತಿರುಗಿಯೂ ನಾನದನ್ನು ನೋಡಿರಲಿಲ್ಲ.

"ಆಕಿಗೂ ಪಗಾರ ಆಗಬೇಕು, ಮಾಲಕ್ರೀ. ಒಳಗ ಹೆಣ್ಣು ಇರಲಿ, ಗಂಡು ಇರಲಿ. ಇಲ್ಲಂದ್ರ ನಾಳಿನೂ ಗಾಡಿ ರೋಗಿ ಅಂದಲ್ಲೇ ಹೋಗ್ತದ." ಉಳಿದಿಬ್ಬರೂ ಫೋನಿನಲ್ಲಿ ಅದನ್ನೇ ಹೇಳಿದರು. ಇನ್ನೂ ಒಂದು ವಾರ ಹಾಗೇ ಓಡಿಸಿದೆವು. ಆಮೇಲೆ ಪಗಾರ ಬಂತು, ಸಂಗಮ್ಮನಿಗೂ ಬಂತು. ಗವಸಿನ ಡಬ್ಬಿಯೂ ಬಂತು. ಬಾರದೆ ಹೋದದ್ದು ಒಂದೇ, ಮಂದಿಯ ನಂಬಿಕೆ: ಮುಷ್ಕರ ಮುಗಿಯುವ ತನಕ ನಮ್ಮ ಬಾಗಿಲು ತೆಗೆದು ನೋಡುವುದು ನಿಲ್ಲಲಿಲ್ಲ. ಪ್ರತಿ ಸಲವೂ ಸಂಗಮ್ಮ ಚಾದರ ಹಿಡಿದು ನಿಲ್ಲುತ್ತಿದ್ದಳು. ಪ್ರತಿ ಸಲವೂ ನಾನು ತಲೆ ತಗ್ಗಿಸುತ್ತಿದ್ದೆ.

"ಏನ್ ವಿಚಾರ ಮಾಡಕತ್ತೀರಿ? ಕಟ್ಟಾಕ ಬರಂಗಿಲ್ಲೇನು?" ಎಂದಳು ಹೆಂಡತಿ.

ಹೇಳಿದೆ. ಬಾಳೆಹಣ್ಣು, ಗಂಜಿ, ಝರಾಸಂಗಂ ಕಡೆಯ ಹುಡುಗಿ, ಎಲ್ಲವನ್ನೂ. ಆಕೆ ನೋವಿನ ಕುತ್ತಿಗೆಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಕೇಳಿದಳು. ಮುಗಿದ ಮೇಲೆ ಒಂದೇ ಮಾತು ಕೇಳಿದಳು: "ಆ ದಗಲಬಾಜಿ ರೋಗಿನ್ನ ಮಲಗಿಸ್ಕೊಂಡು ಬಂದಿರಿ. ನನ್ನ ನೋವು ಮಾತ್ರ ಮೂರು ವಾರ ನಂಬಲಿಲ್ಲ, ಅಲ್ರೀ?"

"ತಪ್ಪಾತು" ಎಂದೆ. ಪಟ್ಟಿಯನ್ನು ಗದ್ದದ ಕೆಳಗೆ ಕೂರಿಸಿ, ಹಿಂದೆ ತಂದು ಅಂಟಿಸಿದೆ. ಬಿಗಿಯಾಯಿತೇ ಎಂದು ಕೇಳಿದೆ, ಆಯಿತು ಎಂದಳು, ಸಡಿಲಿಸಿ ಮತ್ತೆ ಕಟ್ಟಿದೆ. ಅಷ್ಟರಲ್ಲಿ ಒಳಗೆ ಅನ್ನ ಉಕ್ಕುವ ಸದ್ದಾಯಿತು. ಆಕೆ ಅಭ್ಯಾಸಬಲದಿಂದ ಎದ್ದಳು.

"ನೀ ಕೂಡು" ಎಂದೆ. "ಬೋಗುಣಿ ನಾ ಇಳಸ್ತೀನಿ."

ಇಕ್ಕಳ ಕಾಣಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಮಡಿಚಿ ಎರಡೂ ಕೈಯಲ್ಲಿ ಹಿಡಿದು, ಗಂಜಿ ಒಂದು ಹನಿಯೂ ಚೆಲ್ಲದ ಹಾಗೆ ನಿಧಾನವಾಗಿ ಇಳಿಸಿದೆ. ಬೆರಳು ಚುರುಗುಟ್ಟಿದವು. ಡಾಕ್ಟರು ಆರು ವಾರ ಪಟ್ಟಿ ಇರಲಿ ಎಂದಿದ್ದಾರಂತೆ. ಆರು ವಾರ ಕಳೆದ ಮೇಲೂ ಬೋಗುಣಿ ನಾನೇ ಇಳಿಸುತ್ತೇನೆ.