ಒಂದೇ ದನಿಯ ಎರಡು ಕೊಡಗಳು

ಎಂಬತ್ತರ ದಶಕದಲ್ಲಿ ಹೊಸ ಸ್ಟೀರಿಯೋ ನಮ್ಮ ಕೈಗೆಟುಕುತ್ತಿರಲಿಲ್ಲ. ನನ್ನ ಯಜಮಾನರು ರವಿವಾರ ಪೇಟೆಯಿಂದ ಎರಡು ಹಳೆಯ ಸ್ಪೀಕರ್ ತಂದರು. ಅವನ್ನು ಕೂಡಿಸುವ ಕಟ್ಟಿಗೆಯ ಪೆಟ್ಟಿಗೆ ದುಬಾರಿ. ಮಣ್ಣಿನ ಕೊಡದ ಬಾಯಿಗೆ ಕೂಡಿಸಿದರೆ ದನಿ ತುಂಬಿ ಬರುತ್ತದೆಂದು ಯಾರೋ ಹೇಳಿದ್ದರಂತೆ. ನನ್ನನ್ನು ಖಾನಾಪುರದ ಕುಂಬಾರರ ಕಡೆ ಕರೆದೊಯ್ದರು. ಮನೆಗೆ ನೀರಿನ ಕೊಡ ಬಡಿದು ಆರಿಸುವವಳು ನಾನೇ.

"ಎರಡೂ ಒಂದೇ ದನಿ ಕೊಡಬೇಕ ನೋಡು," ಎಂದರು.

ಕೊಡಗಳ ಇಡೀ ಸಾಲನ್ನು ಬೆರಳಿನಿಂದ ಬಡಿದೆ.

"ಕೊಡ ಒಯ್ಯಾಕ ಬಂದೀರೋ, ಬಾರಿಸಾಕ ಬಂದೀರೋ ಅಕ್ಕಾರ?" ಎಂದು ಕುಂಬಾರತಿ ನಕ್ಕಳು.

ಒಂದೇ ದನಿಯ ಎರಡು ಕೊಡ ಆರಿಸಿ ಮನೆಗೆ ತಂದು, ಬಾಯಿಗೆ ಸ್ಪೀಕರ್ ಕೂಡಿಸಿ ಹಾಡು ಹಚ್ಚಿದಾಗ ತಬಲಾದ ಗುಮ್ಮೆನ್ನುವ ಪೆಟ್ಟು ಅಂಗಾಲಿಗೂ ತಾಕಿತು.

"ನಿನ್ನ ಕಿವಿ ಖರೇನ ಬಂಗಾರ," ಎಂದರು.

ಅವರು ತೀರಿಕೊಂಡ ಮೇಲೆ ನಾನು ಹಾಡು ಹಚ್ಚಿಲ್ಲ. ಧೂಳು ಒರೆಸುವಾಗ ಮಾತ್ರ ಕೊಡಗಳನ್ನು ಬೆರಳಿನಿಂದ ಬಡಿಯುತ್ತೇನೆ. ಎರಡೂ ಇನ್ನೂ ಒಂದೇ ದನಿ ಕೊಡುತ್ತವೆ.