ಹೊತ್ತು ಮುಳುಗಿದ ಮೇಲಿನ ತುತ್ತು

ಇವತ್ತು ಶರ್ವರಿಯ ನಾಟಕವೆಂದರೆ ಬೆಳಗಾವಿಯ ಜನ ಕರ್ಚೀಫು ಹಿಡಿದುಕೊಂಡೇ ಮನೆ ಬಿಡುತ್ತಾರೆ. ಪತ್ರಿಕೆಯವರಂತೂ ಫೋಟೋ ಹಾಕಿ ಹಾಡಿ ಹೊಗಳುತ್ತಾರೆ. ಹೊಗಳಲಿ ಪಾಪ. ಆದರೆ ಇದೇ ಜನ ಮೊನ್ನೆ ಮೊನ್ನೆಯವರೆಗೆ ಆಕೆಯ ಮುಖ ಕಂಡರೆ ಸಾಕು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು ಅನ್ನುವುದನ್ನು ನಾನು ಹೇಗೆ ಮರೆಯಲಿ?

ಹಗಲು ಮಚ್ಛೆಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ, ಶನಿವಾರ ಸಂಜೆ ಟಿಳಕವಾಡಿಯ ಕೆಫೆಯೊಂದರಲ್ಲಿ ಮೈಕು ಹಿಡಿದು ಜನರನ್ನು ನಗಿಸುವುದು. ಆಕೆಯ ಜೋಕುಗಳಿಗೆಲ್ಲ ಸರಕು ಒಂದೇ: ಅವ್ವ ಸುಂದರಾಬಾಯಿ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಸುಂದರಾಬಾಯಿ ತಾನೂ ಉಣ್ಣುವುದಿಲ್ಲ, ಮಗಳಿಗೂ ಉಣ್ಣಗೊಡುವುದಿಲ್ಲ.

"ಸಾಂಬ್ರಾಕ್ಕ ವಿಮಾನದಾಗ ಬರಾಕತ್ತಿದ್ವಿರಿ," ಎಂದು ಶುರು ಮಾಡುತ್ತಿದ್ದಳು ಶರ್ವರಿ. "ಕೆಳಗ ಊರಾಗ ಕತ್ತಲಿ, ಮೋಡದ ಮ್ಯಾಲ ಇನ್ನೂ ಬಿಸಲು. ನಮ್ಮವ್ವ ಆ ವಿಮಾನದ ಹುಡುಗಿನ್ನ ಕರದು ಹೇಳಿದ್ಲು: 'ಯವ್ವಾ, ಪೈಲಟ್‌ಗ ಒಂದೀಟು ಹೇಳ, ನಂದು ಊಟ ಮುಗಿಯೂತನಕ ಕೆಳಗ ಇಳಸಬ್ಯಾಡಂತ!'"

ಕೆಫೆ ಬಿದ್ದು ಬಿದ್ದು ನಗುತ್ತಿತ್ತು. ಸುಂದರಾಬಾಯಿಗೂ ಇದೆಲ್ಲ ಗೊತ್ತು. "ನನ್ನ ಮಾನ ಕಳದು ಚಪ್ಪಾಳಿ ಹೊಡಸ್ಕೋತಾಳ್ರಿ ಈಕಿ," ಎಂದು ಬೈಯುತ್ತ, ಬಾಜು ಮನೆಯವರಿಗೆ ಅದೇ ಜೋಕನ್ನು ತಾನೇ ಹೇಳಿ ಬರುತ್ತಿದ್ದಳು.

ಇಂಥ ಶರ್ವರಿಯನ್ನು ಖಾನಾಪುರದ ನಾಟಕದ ಮಾಸ್ತರ ಮಾರ್ತಾಂಡ ಅಳುವ ಪಾತ್ರಕ್ಕೆ ಕರೆದ. ಅವ್ವನ ಮಣ್ಣು ಮುಗಿಸಿ ಮನೆಗೆ ಬಂದ ಮಗಳ ಪಾತ್ರ. ಮಾಸ್ತರನಿಗೆ ತಲೆ ಕೆಟ್ಟಿದೆ ಎಂದರು ಎಲ್ಲರೂ. ಬೆಳಗಾವಿಯ ಮೊದಲ ಪ್ರಯೋಗದಲ್ಲಿ ಶರ್ವರಿ ಕಣ್ಣು ತುಂಬಿಕೊಂಡು ಬಂದು ನಿಂತದ್ದಷ್ಟೇ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಸಭೆ ಘೊಳ್ಳೆಂದಿತು.

ಮಾರ್ತಾಂಡ ಮುಖ ಊದಿಸಿಕೊಂಡು, "ನೋಡ್ರಿ ಶರ್ವರಿ, ಖಾನಾಪುರದಾಗೂ ನಕ್ಕರು ಅಂದ್ರ ನಾಟಕ ಬಂದ್," ಎಂದ.

ಶರ್ವರಿಗೆ ನಗಿಸಿ ನಗಿಸಿ ಸಾಕಾಗಿತ್ತು. ಒಮ್ಮೆಯಾದರೂ ಜನ ಸುಮ್ಮನೆ ಕೂತು ತನ್ನ ಮಾತು ಕೇಳಲಿ ಎಂದು ಜೀವ ಬಾಯಿಬಿಡುತ್ತಿತ್ತು.

ಖಾನಾಪುರದಲ್ಲಿ ಸುಂದರಾಬಾಯಿ ಹೊತ್ತಿರುವಾಗಲೇ ಉಂಡು, ಮುಂದಿನ ಸಾಲಿನಲ್ಲೇ ಬಂದು ಕೂತಳು. ಜನ ಹೇಗೋ ತಡೆದುಕೊಂಡಿದ್ದರು. ಕೊನೆಯ ದೃಶ್ಯ ಬಂತು. ನೆರೆಮನೆಯಾಕೆಯ ಪಾತ್ರದ ಪೂರ್ವಾ ತಾಟು ತಂದಿಟ್ಟು, "ಮುಂಜಾನಿಂದ ಹಂಗ ಅದಿ, ಒಂದು ತುತ್ತರ ಉಣ್ಣವಾ," ಎಂದಳು. ಶರ್ವರಿ ತುತ್ತು ಎತ್ತಿದಳು. ಬಾಯಿ ಹತ್ತಿರ ತಂದು ನಿಲ್ಲಿಸಬೇಕು, ಅಷ್ಟೇ ಇದ್ದದ್ದು. ಅದು ಸುಂದರಾಬಾಯಿಗೆ ಹೇಗೆ ಗೊತ್ತಾಗಬೇಕು?

"ಏ ಶರೂ! ಹೊತ್ತು ಮುಳಗೇತಿ! ಬಾಯಾಗ ಇಟ್ಗೊಂಡೀ ಅಂದ್ರ ನೋಡ!" ಆಕೆ ಎದ್ದು ನಿಂತೇಬಿಟ್ಟಿದ್ದಳು.

ಸಭೆಯ ನಗು ಕಟ್ಟೆಯೊಡೆಯಿತು. ಪರದೆಯ ಹಿಂದೆ ಮಾರ್ತಾಂಡ ಹಣೆ ಹಣೆ ಬಡಿದುಕೊಂಡ. ಶರ್ವರಿಯ ನಾಲಿಗೆ ತುದಿಗೆ ಒಂದು ಜೋಕು ಬಂದೇ ಬಂತು; ಹೇಳಿದ್ದರೆ ಖಾನಾಪುರ ತಿಂಗಳುಗಟ್ಟಲೆ ನಗುತ್ತಿತ್ತು. ನುಂಗಿಕೊಂಡಳು. ತುತ್ತನ್ನು ಮೆಲ್ಲಗೆ ತಾಟಿಗಿಟ್ಟು ಪೂರ್ವಾಳ ಕೈ ಹಿಡಿದಳು.

"ಕೇಳಿದ್ರ್ಯಾ? ನಮ್ಮವ್ವನ ದನಿ. ಇನ್ನೂ ಕಿವ್ಯಾಗ ಐತಿ. ದಿನಾ ಹಿಂಗ ಬೈತಿದ್ಲು, ನಾ ದಿನಾ ನಗತಿದ್ದೆ. ಇನ್ನ ಯಾವಾಗ ಉಂಡ್ರೂ ಬ್ಯಾಡನ್ನಾವ್ರು ಯಾರಿಲ್ಲರಿ ನನಗ."

ನಗು ಬಾಯಲ್ಲೇ ಉಳಿಯಿತು. ಯಾರೋ ಮೂಗೆಳೆದರು. ಪರದೆ ಬಿದ್ದು ಎಷ್ಟೋ ಹೊತ್ತಿನ ಮೇಲೆ ಜನಕ್ಕೆ ಚಪ್ಪಾಳೆಯ ನೆನಪಾಯಿತು.

ಒಳಗೆ ಶರ್ವರಿ ಬಣ್ಣ ಒರೆಸುತ್ತಿದ್ದಾಗ ಸುಂದರಾಬಾಯಿ ನುಗ್ಗಿ ಬಂದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಸಿಟ್ಟೋ ಸಂಕಟವೋ, ಮಗಳ ಬೆನ್ನಿಗೆ ಒಂದು ಗುದ್ದು ಗುದ್ದಿದಳು.

"ಎಷ್ಟ ಚಂದ ಅತ್ತೆಲ್ಲಾ ನನ್ನವ್ವಾ! ನಾ ಖರೇ ಸತ್ತಾಗೂ ಹಿಂಗ ಅಳತೀಯೇನ?"

ಮಾತಿಗೆ ಮಾತು ಕೊಡದೆ ಬಿಟ್ಟವಳಲ್ಲ ಶರ್ವರಿ. ಅವತ್ತು ಮಾತ್ರ ಅವ್ವನ ಸೊಂಟ ತಬ್ಬಿಕೊಂಡು, ಮೂಗು ಸುರಿಸುತ್ತ, ನಾಟಕದಲ್ಲಿ ಅತ್ತದ್ದಕ್ಕಿಂತ ಬಹಳ ಕೆಟ್ಟದಾಗಿ ಅತ್ತಳು.