ಆಯ್ತಾರದ ಮರುದಿನ

ಬಹ್ರೇನಿಗೆ ಬಂದ ಮೇಲೆ ಅಪೊಲಿನಳ ವಾರದಲ್ಲಿ ಎರಡೆರಡು ಆಯ್ತಾರಗಳಾದವು. ಒಂದು ಕ್ಯಾಲೆಂಡರಿನದು, ಭಾನುವಾರ. ಆ ದಿನ ಗಂಡ ಯುಸ್ಟೇಸ್ ಸಲ್ಮಾಬಾದಿನ ಗ್ಯಾರೇಜಿಗೂ ಅವಳು ಕ್ಲಿನಿಕ್ಕಿನ ನರ್ಸ್ ಕೆಲಸಕ್ಕೂ ಓಡಬೇಕು. ಇನ್ನೊಂದು ಅವಳ ನಿಜವಾದ ಆಯ್ತಾರ, ಅಂದರೆ ಶುಕ್ರವಾರ. ಅಂದು ದೇಶಕ್ಕೇ ರಜೆ, ಮನಾಮಾದ ಇಗರ್ಜಿಯಲ್ಲಿ ಆಯ್ತಾರದ ಪೂಜೆ, ಮನೆಯಲ್ಲಿ ಸನ್ನ ಇಡ್ಲಿ ಮತ್ತು ಕೋಳಿ ಸಾರು. ಪಾದ್ರಿಗಳೇ ಒಪ್ಪಿದ ಮೇಲೆ ಅವಳದೇನು ತಕರಾರು? ಮನೆಯಲ್ಲಿ ಶುಕ್ರವಾರಕ್ಕೆ ಆಯ್ತಾರವೆಂದೇ ಹೆಸರು ಬಿತ್ತು. ಮಗಳು ನತಾಶಾ ಶಾಲೆಗೆ ಸೇರುವವರೆಗೂ ಹಾಗೆಯೇ ನಂಬಿದ್ದಳು.

ಯುಸ್ಟೇಸನ ತಂದೆ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಅವರ ಮನೆಯ ಗೋಡೆಯಲ್ಲಿ ಎಲ್ಲಿಂದಲೋ ಬಂದ ಒಂದು ಕ್ಯಾಲೆಂಡರಿತ್ತು. ಅದರಲ್ಲಿ ಬೀಜಿಂಗಿನ ಹಳೆಯ ಅರಮನೆ. ಮಾಡಿನ ತುಂಬ ಚಿನ್ನದ ಬಣ್ಣದ ಹಂಚು. ಕೆಂಪು ಹಂಚನ್ನೇ ನೋಡಿ ಬೆಳೆದ ಹುಡುಗನಿಗೆ ಆ ಹಳದಿಯ ಹುಚ್ಚು ಹಿಡಿಯಿತು. ಈಗ ಅರಸರಿಲ್ಲ, ಅರಮನೆ ಮ್ಯೂಸಿಯಮ್ಮಾಗಿದೆ, ಟಿಕೆಟ್ ಇದ್ದವರೆಲ್ಲ ಒಳಗೆ ಹೋಗಬಹುದು ಎಂದು ತಿಳಿದ ಮೇಲಂತೂ ಊಟಕ್ಕೆ ಕೂತರೂ ಅದೇ ಮಾತು. "ಒಮ್ಮೆ ಹೋಗುವಾ ಮಾರಾಯ್ತಿ," ಎನ್ನುವನು. ಪ್ರತಿ ವರ್ಷವೂ ಏನಾದರೊಂದು ಅಡ್ಡ ಬರುತ್ತಿತ್ತು.

ಆಮೇಲೆ ಕಣ್ಣೇ ಅಡ್ಡ ಬಂತು. ಗ್ಲೂಕೋಮಾ. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನಲ್ಲಿ ಅಂಚುಗಳೆಲ್ಲ ಮುಚ್ಚಿ ನಡುವೆ ಒಂದಿಷ್ಟು ಬೆಳಕು ಉಳಿದಿತ್ತು. ಡಾಕ್ಟರು ಅಪೊಲಿನಳನ್ನು ಪಕ್ಕಕ್ಕೆ ಕರೆದು, ಹೋದದ್ದು ಮರಳುವುದಿಲ್ಲ, ಉಳಿದದ್ದೂ ಹೆಚ್ಚು ದಿನ ನಿಲ್ಲುವುದಿಲ್ಲ ಎಂದರು. ಅವಳು ಅಂದೇ ಸೂಕ್ ಪೇಟೆಯಲ್ಲಿ ಟಿಕೆಟ್ ಅಂಗಡಿ ಇಟ್ಟಿದ್ದ ಉಪ್ಪಿನಂಗಡಿಯ ಸಿರಾಜನಿಗೆ ಫೋನ್ ಮಾಡಿದಳು.

"ಗುರುವಾರ ಬೀಜಿಂಗ್ ಮುಟ್ತೀರಿ ಅಕ್ಕ, ಮಂಗಳವಾರ ಬೆಳಿಗ್ಗೆ ವಾಪಸ್. ಅರಮನೆ ಯಾವ ದಿನ ಇಡುವುದು?" ಎಂದು ಸಿರಾಜ್ ಕೇಳಿದ.

"ಆಯ್ತಾರ ಇವರು ಪೂಜೆ ತಪ್ಪಿಸುದಿಲ್ಲ. ಆಯ್ತಾರದ ಮರುದಿನ ಇಡು."

"ಆಯ್ತು ಅಕ್ಕ, ಅಲ್ಲಿಯ ಗೈಡಿಗೆ ಹಾಗೇ ಹೇಳ್ತೇನೆ."

ಹಾಗೇ ಹೇಳಿದ, ಪಾಪ. ಅವನ ಆಯ್ತಾರ ಕ್ಯಾಲೆಂಡರಿನದು. ಶುಕ್ರವಾರ ಅವನಿಗೆ ಜುಮ್ಮಾ. ಅದನ್ನು ಬೇರೆ ಹೆಸರಿನಿಂದ ಕರೆಯುವವರೂ ಇದ್ದಾರೆಂದು ಅವನಿಗೆ ಹೇಗೆ ಹೊಳೆಯಬೇಕು?

ಬೀಜಿಂಗಿನಲ್ಲಿ ಶನಿವಾರ ಬೆಳಿಗ್ಗೆ ಯುಸ್ಟೇಸ್ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕಣ್ಣಿಗೆ ಮದ್ದು ಬಿಟ್ಟುಕೊಂಡು ಹೋಟೆಲಿನ ಬಾಗಿಲಲ್ಲಿ ನಿಂತ. ಬಂದ ಗೈಡ್ ರೇಷ್ಮೆ ಪೇಟೆಗೆ ಹೋಗೋಣವೆಂದ. ಅರಮನೆ ಎಲ್ಲಿ ಎಂದರೆ, ಸೋಮವಾರ ಎಂದ. ಕೆಲಸಕ್ಕೆ ಹೊಸಬ. ಮೊಬೈಲ್ ತೆರೆದು ಹುಡುಕಿದವನ ಮುಖ ಕಪ್ಪಿಟ್ಟಿತು. ಸೋಮವಾರ ಅರಮನೆಗೆ ವಾರದ ರಜೆ. ಶನಿವಾರ, ಆಯ್ತಾರದ ಟಿಕೆಟ್ ಮೊದಲೇ ಖಾಲಿ. ಬಾಗಿಲಲ್ಲಿ ಟಿಕೆಟ್ ಮಾರುವುದೇ ಇಲ್ಲ.

ಅಪೊಲಿನ್ ಸಿರಾಜನಿಗೆ ಫೋನ್ ಮಾಡಿ ಜೋರು ಮಾಡಿದಳು. "ನೀವೇ ಅಲ್ವಾ ಅಕ್ಕ ಆಯ್ತಾರದ ಮರುದಿನ ಅಂದದ್ದು?" ಎಂದ ಅವನು. ಅವಳು ಫೋನ್ ಇಟ್ಟಳು. ಅದು ತನ್ನದೇ ಬಾಯಿಂದ ಬಂದ ಮಾತು.

ಆದರೂ ಇಬ್ಬರೂ ಅರಮನೆಯವರೆಗೆ ಹೋದರು. ಆಚೆ ಬದಿಯ ಜನ ಟಿಕೆಟ್ ತೋರಿಸಿ ಒಳಗೆ ಹೋಗುತ್ತಿದ್ದರು. ಇವರು ಕಂದಕದ ಈಚೆಗೆ ಗೋಡೆಯುದ್ದಕ್ಕೂ ನಡೆದರು. ಗೋಡೆ ಎತ್ತರ, ಮಾಡು ದೂರ. ಯುಸ್ಟೇಸ್ ಕತ್ತು ತಿರುಗಿಸಿ ತಿರುಗಿಸಿ ಹುಡುಕಿದ. "ಹಳದಿ ಎಲ್ಲುಂಟು ಅಪೊಲಿನ್?" ಎಂದು ಕೇಳಿದ. ಅವಳು ಅವನ ಗಲ್ಲ ಹಿಡಿದು ಆ ಕಡೆಗೆ ತಿರುಗಿಸಿದಳು. "ಸಿಕ್ಕುದಿಲ್ಲ," ಎಂದ. ಸಿಟ್ಟು ಮಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಸಿಟ್ಟು ಮಾಡಲಿಲ್ಲ.

ಬಹ್ರೇನಿಗೆ ಮರಳಿದ ಮೇಲೆ ಅವಳು ಸರಿಯಾಗಿ ಉಣ್ಣುವುದನ್ನೇ ಬಿಟ್ಟಳು. ಮುಂದಿನ ವರ್ಷ ಮತ್ತೆ ಹೋಗೋಣ ಎನ್ನುವ ಹಾಗೂ ಇರಲಿಲ್ಲ. ಮುಂದಿನ ವರ್ಷಕ್ಕೆ ಆ ಕಣ್ಣು ಎಲ್ಲಿ? ತಾಯಿಯ ಅವಸ್ಥೆ ನೋಡಲಾಗದೆ ನತಾಶಾ ಒಂದು ಸಂಜೆ ಅರಮನೆಯ ವೀಡಿಯೊ ಹುಡುಕಿ ಟೀವಿಗೆ ಹಾಕಿದಳು. ವಿವರಣೆ ಚೀನೀ ಭಾಷೆಯಲ್ಲಿತ್ತು; ಸದ್ದನ್ನು ಪೂರ್ತಿ ಬಂದ್ ಮಾಡಿದಳು. "ಡ್ಯಾಡಿ, ಕ್ಲೋಸ್ ಕೂತ್ಕೊಳ್ಳಿ," ಎಂದು ಕುರ್ಚಿಯನ್ನು ಪರದೆಯ ಹತ್ತಿರ ಎಳೆದಿಟ್ಟಳು. ಯುಸ್ಟೇಸ್ ಮುಂದಕ್ಕೆ ಬಾಗಿ ಕೂತ. ಅಂಗಳ, ಮೆಟ್ಟಿಲು, ಸಿಂಹಾಸನ, ಹಂಚು ಎಲ್ಲವೂ ಬಂದು ಹೋದವು. ಅವನು ತಲೆಯಾಡಿಸುತ್ತಲೇ ಇದ್ದ. ಎಷ್ಟೋ ದಿನಗಳ ಮೇಲೆ ಅಪೊಲಿನಳಿಗೆ ಸ್ವಲ್ಪ ಉಸಿರು ಬಂದಂತಾಯಿತು.

ವೀಡಿಯೊ ಮುಗಿಯಿತು. ನತಾಶಾ ಟೀವಿ ಆರಿಸಿ ಚಹಾ ಇಡಲು ಒಳಗೆ ಹೋದಳು. ಯುಸ್ಟೇಸ್ ಮಾತ್ರ ಕೂತಲ್ಲಿಂದ ಕದಲಲಿಲ್ಲ. ಕಪ್ಪು ಪರದೆಯ ಕಡೆಗೆ ಮುಖ ಮಾಡಿಕೊಂಡೇ ಬೆರಳೆತ್ತಿ ತೋರಿಸಿದ.

"ಆ ಹಳದಿ ನೋಡು ಮಾರಾಯ್ತಿ, ಎಷ್ಟು ಚಂದ ಉಂಟು! ಎಲ್ಲ ನೋಡಿ ಆಯ್ತಲ್ಲ, ಇನ್ನು ನೀನು ಅದನ್ನೇ ತಲೆಗೆ ಹಚ್ಚಿಕೊಂಡು ಕೂರಬೇಡ."

ಅಪೊಲಿನ್ ಆರಿದ ಪರದೆಯನ್ನು ನೋಡಿದಳು, ಅವನ ಬೆರಳನ್ನು ನೋಡಿದಳು. ಆ ಕಣ್ಣು ಹೋಗಿ ಎಷ್ಟು ದಿನವಾಯಿತೋ, ತನ್ನಿಂದ ಯಾವಾಗಿನಿಂದ ಮುಚ್ಚಿಡುತ್ತಿದ್ದಾನೋ.

"ಹೌದು, ಚಂದ ಉಂಟು," ಎಂದು ಅವಳು ಅವನ ಬೆರಳನ್ನು ಮೆಲ್ಲಗೆ ಕೆಳಗಿಳಿಸಿದಳು.